ಚೀನೀ ರೆಸ್ಟೋರೆಂಟ್ ಒಳಾಂಗಣಕ್ಕೆ ಬಿಳಿ ಹಾವಿನ ಕಥೆ ಸರಿಹೋಗುತ್ತಾ?

ಪ್ರಶ್ನೆ: ಸಿಂಗಪುರದ ಡಿಸೈನ್ ಆಫೀಸೊಂದರಲ್ಲಿದ್ದೇನೆ. ದುಬಾರಿ ಚೀನೀ ರೆಸ್ಟೋರೆಂಟಿನ ಕೆಲಸ ಬಂದಿದೆ. ಮಾಲೀಕರಿಗೆ ಜನಪದ ಕಥೆ ಬೇಕು, ಆದರೆ ಡ್ರ್ಯಾಗನ್, ಕೆಂಪು ಲಾಟೀನು ಬೇಡವಂತೆ. ಹಾಂಗ್‌ಝೌ ನಗರದ ಬಿಳಿ ಹಾವಿನ ಕಥೆ ತಲೆಯಲ್ಲಿದೆ. ಇಂಥ ಕೆಲಸ ಮಾಡಿದವರು ಹೇಳಿ.

ಉತ್ತರ 1: ಕಥೆ ಚೆನ್ನಾಗಿದೆ. ಗೊತ್ತಿಲ್ಲದವರಿಗೆ: ಹೆಣ್ಣಿನ ರೂಪ ತಾಳಿದ ಬಿಳಿ ಹಾವಿಗೂ ಷು ಷಿಯಾನ್ ಎಂಬ ಯುವಕನಿಗೂ ಪಶ್ಚಿಮ ಸರೋವರದ ‘ಮುರಿದ ಸೇತುವೆ’ಯ ಹತ್ತಿರ ಮಳೆಯಲ್ಲಿ ಭೇಟಿ. ಒಂದು ಛತ್ರಿಯಿಂದ ಪ್ರೀತಿ ಶುರು, ಆಮೇಲೆ ಮದುವೆ. ಕೊನೆಗೆ ಫಾಹಾಯ್ ಎಂಬ ಸನ್ಯಾಸಿ ಅವಳನ್ನು ಲೇಫಂಗ್ ಗೋಪುರದಡಿ ಬಂಧಿಸುತ್ತಾನೆ. ಆ ಗೋಪುರ 1924ರಲ್ಲಿ ಕುಸಿಯಿತು, 2002ರಲ್ಲಿ ಮತ್ತೆ ಎದ್ದಿತು.

ದಯವಿಟ್ಟು ಗೋಡೆ ತುಂಬ ಹಾವು ಬರೆಸಬೇಡಿ. ಒಳಗೆ ನಡೆಯುವಾಗ ಕಥೆ ತಾನಾಗಿ ಸಿಗಬೇಕು. ಬಾಗಿಲಲ್ಲಿ ತಗ್ಗು ಚಾವಣಿ, ಮಂದ ಬೆಳಕು, ಮಳೆ ಸುರಿದಂತೆ ಗಾಜಿನ ಮಣಿಸರ. ಅಲ್ಲಿಂದ ಸೇತುವೆ. ಕಮಾನು ಮಾತ್ರ ಬೇಡ, ಗಾಲಿಕುರ್ಚಿಗೂ ಪಾತ್ರೆ ತಳ್ಳುವ ಟ್ರಾಲಿಗೂ ತೊಂದರೆ. ಸಮನೆಲದಲ್ಲೇ ಒರಟು ಕಲ್ಲಿನ ಪಟ್ಟಿ ಹಾಸಿ, ಎರಡೂ ಕಡೆ ಹೊಳೆಯುವ ಕಪ್ಪು ಕಲ್ಲು ಹಾಕಿದರೆ ಸಾಕು, ಕಾಲಿಗೇ ಗೊತ್ತಾಗುತ್ತೆ. ಹಾವು ಬೇಕೇ ಬೇಕು ಅಂದರೆ ಗೋಡೆಗುಂಟ ಬಳುಕುತ್ತಾ ಹೋಗುವ ಹಿತ್ತಾಳೆ ಹಿಡಿಕಂಬಿ ಇದೆಯಲ್ಲ!

ಉತ್ತರ 2: ಚಾವಣಿಗೆ ಛತ್ರಿ ತೂಗುಹಾಕುವ ಆಸೆ ಬಂದೇ ಬರುತ್ತೆ. ಎಣ್ಣೆ ಕಾಗದದ ಛತ್ರಿ ಬೇಗ ಹೊತ್ತಿಕೊಳ್ಳುತ್ತೆ. ಜೊತೆಗೆ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ನೀರಿಗೂ ಅಡ್ಡ. ಬೆಂಕಿ ಹಿಡಿಯದ ಬಟ್ಟೆಯಲ್ಲಿ ಮಾಡಿಸಿ, ಎಲ್ಲಿ ತೂಗಬೇಕು ಅಂತ ಅಗ್ನಿ ಸುರಕ್ಷತೆಯವರನ್ನು ಮೊದಲೇ ಕೇಳಿ.

ಉತ್ತರ 3: ನನ್ನದು ಸ್ವಲ್ಪ ತಕರಾರು. ಅಲ್ಲಿ ಮದುವೆ ಊಟವೂ ನಡೆಯುತ್ತೆ ಅಲ್ವಾ? ಚೀನೀಯರಲ್ಲಿ ಛತ್ರಿ ಉಡುಗೊರೆ ಕೊಟ್ಟರೆ ಅಗಲಿಕೆ ಅನ್ನುವ ನಂಬಿಕೆ ಇದೆ. ಕಥೆಯೂ ಗಂಡ ಹೆಂಡತಿ ಬೇರೆಯಾಗುವುದೇ. ಬೇರೆ ಚೀನೀ ಕಥೆ ನೋಡಿದರೂ, ಗಂಡನನ್ನು ಬಿಟ್ಟು ಚಂದ್ರನಿಗೆ ಹಾರಿದ ಛಾಂಗ್ಅ, ವರ್ಷಕ್ಕೊಮ್ಮೆ ಸೇರುವ ನೇಕಾರಿ ಮತ್ತು ದನಗಾಹಿ, ಅಲ್ಲೂ ಇದೇ ಗೋಳು! ಹೊರಗಿನ ಹಾಲಿಗೆ ಬಿಳಿ ಹಾವು ಇರಲಿ. ಖಾಸಗಿ ಕೋಣೆಗಳಿಗೆ ಹಳದಿ ನದಿಯ ‘ಡ್ರ್ಯಾಗನ್ ಬಾಗಿಲು’ ಜಿಗಿದ ಕಾರ್ಪ್ ಮೀನಿನ ಕಥೆ ತನ್ನಿ. ಜಿಗಿದ ಮೀನು ಡ್ರ್ಯಾಗನ್ ಆಯಿತು, ಅಂದರೆ ಏಳಿಗೆ. ನಿಮ್ಮ ಮಾಲೀಕರಿಗೂ ಬೇಜಾರಿಲ್ಲ, ಕಾಣುವುದು ಬರೀ ಮೀನು. ಇಡೀ ಮೀನು ಬಡಿಸುವಾಗ ತಲೆ ಮುಖ್ಯ ಅತಿಥಿಯ ಕಡೆಗಿರಬೇಕು, ಆ ಅತಿಥಿ ಬಾಗಿಲಿಗೆ ಮುಖ ಮಾಡಿ ಕೂರಬೇಕು. ಆದ್ದರಿಂದ ಮೊದಲು ದುಂಡು ಮೇಜಿನ ಜಾಗ ಗುರುತಿಸಿ, ಆಮೇಲೆ ಆ ಕುರ್ಚಿಯ ಹಿಂದಿನ ಗೋಡೆಗೆ ಮೀನು ಬರೆಸಿ. ಕೋಣೆ ಸಂಖ್ಯೆಯಲ್ಲಿ 4 ಬಿಟ್ಟುಬಿಡಿ, ಚೀನೀ ಭಾಷೆಯಲ್ಲಿ ಅದು ‘ಸಾವು’ ಅಂದಂತೆ ಕೇಳಿಸುತ್ತೆ.