ನ್ಯೂಟ್ರಲ್ ಎಂದರೆ ವಿಶ್ರಾಂತಿಯಲ್ಲ, ಮಗಳೇ

ಮಗಳೇ, ಮನೆಯವರ ಗುಂಪಿನಲ್ಲಿ ನೀನು ಹಾಕಿದ ಸಂದೇಶವನ್ನು ಬೆಳಿಗ್ಗೆಯೇ ಓದಿದೆ. ಒಂದೊಂದೇ ಅಕ್ಷರ ಒತ್ತಿ ಬರೆಯುವ ತಾಳ್ಮೆ ನನಗಿಲ್ಲ, ಅದಕ್ಕೆ ಮಾತಿನಲ್ಲೇ ಹೇಳುತ್ತೇನೆ. ಉದ್ದವಾಗುತ್ತದೆ, ಆದರೂ ಪೂರ್ತಿ ಕೇಳು, ನಿನ್ನ ಮಗನಿಗೂ ಕೇಳಿಸು. ನಿನ್ನ ಮಗ ಇಳಿಜಾರು ಬಂದರೆ ಸಾಕು ಕಾರನ್ನು ನ್ಯೂಟ್ರಲ್‌ಗೆ ಹಾಕುತ್ತಾನೆ, ಕೇಳಿದರೆ "ನ್ಯೂಟ್ರಲ್ ಎಂದರೆ ಗಾಡಿಗೆ ವಿಶ್ರಾಂತಿ, ಪೆಟ್ರೋಲ್ ಉಳಿಯುತ್ತದೆ" ಎನ್ನುತ್ತಾನೆ, ಇದು ಸರಿಯೇ ದೊಡ್ಡಪ್ಪ ಎಂದು ಕೇಳಿದ್ದೀಯ. ಸರಿಯಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ.

ಆ ಪದ ಲ್ಯಾಟಿನ್ ಮೂಲದ್ದು. 'ಎರಡರಲ್ಲಿ ಯಾವುದೂ ಅಲ್ಲ' ಎಂದು ಅರ್ಥ. ಮುಂದಕ್ಕೆ ಒಯ್ಯುವ ಗೇರೂ ಅಲ್ಲ, ಹಿಂದಕ್ಕೆ ಒಯ್ಯುವ ಗೇರೂ ಅಲ್ಲ. ಎಂಜಿನ್ ತಿರುಗುತ್ತಿರುತ್ತದೆ, ಚಕ್ರಕ್ಕೂ ಅದಕ್ಕೂ ಸಂಬಂಧ ಕಡಿದಿರುತ್ತದೆ. ನಮ್ಮಲ್ಲಿ ಇದಕ್ಕೆ 'ತಟಸ್ಥ' ಎನ್ನುತ್ತಾರೆ. ತಟಸ್ಥ ಎಂದರೆ ದಡದಲ್ಲಿ ನಿಂತವನು. ಗಾಡಿ ಹೊಳೆಯಲ್ಲಿ ಕೊಚ್ಚಿಕೊಂಡು ಹೋಗುತ್ತಿದ್ದರೆ ಎಂಜಿನ್ ದಡದಲ್ಲಿ ನಿಂತು ನೋಡುತ್ತದೆ. ಇದು ವಿಶ್ರಾಂತಿಯೇ?

ನಮ್ಮ ಹಳೆಯ ಕಾರಿನ ಕಥೆ ನಿಮಗೆಲ್ಲ ಗೊತ್ತು, ಆದರೆ ಸರಿಯಾಗಿ ಗೊತ್ತಿಲ್ಲ. ನಿನ್ನ ದೊಡ್ಡಮ್ಮನ ತೊಡೆಯ ಮೇಲೆ ನಮ್ಮ ದೊಡ್ಡವಳು, ಆಗಿನ್ನೂ ಕೂಸು. ಅವರ ಪಕ್ಕದಲ್ಲಿ ನಿನ್ನ ಅಪ್ಪ. ಮುಂದೆ ನನ್ನ ಎಡಗಡೆ ನಿನ್ನ ಚಿಕ್ಕಪ್ಪ. ಬೆಟ್ಟ ಇಳಿಯಲು ಶುರುಮಾಡಿದೆವು. "ಅಣ್ಣ, ನ್ಯೂಟ್ರಲ್‌ಗೆ ಹಾಕು, ತಾನಾಗಿ ಇಳಿಯುತ್ತದೆ" ಎಂದ ನಿನ್ನ ಚಿಕ್ಕಪ್ಪ. ನಾನು ಹಾಕಿದೆ. ಮೊದಲ ಎರಡು ತಿರುವು ಹಾಯಾಗಿತ್ತು. ಮೂರನೆಯದಕ್ಕೆ ವೇಗ ಏರಿತು. ಬ್ರೇಕ್ ಒತ್ತಿದೆ, ಒತ್ತಿಯೇ ಇಟ್ಟೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಆಮೇಲೆ ಪೆಡಲ್, ಹತ್ತಿಯ ಮೂಟೆಯ ಮೇಲೆ ಕಾಲಿಟ್ಟ ಹಾಗೆ ಒಳಗೆ ಹೋಯಿತು. ಬ್ರೇಕ್ ಬಿಸಿಯೇರಿದರೆ ಹಿಡಿತ ಹೋಗುತ್ತದೆ ಎಂದು ನನಗೆ ಅಂದು ಗೊತ್ತಾಯಿತು. ಗೇರ್ ಹಾಕಲು ನೋಡಿದರೆ ಗರಗರ ಶಬ್ದವಷ್ಟೇ, ಆ ವೇಗಕ್ಕೆ ಅದು ಕೂರಲಿಲ್ಲ. ಒಂದು ಕಡೆ ಕಂದಕ, ಒಂದು ಕಡೆ ಗುಡ್ಡ. ಗುಡ್ಡದ ಮಣ್ಣಿಗೆ ಗಾಡಿಯ ಪಕ್ಕವನ್ನು ಉಜ್ಜುತ್ತ ಉಜ್ಜುತ್ತ ನಿಲ್ಲಿಸಿದೆ. ದೊಡ್ಡಮ್ಮನ ಮೊಣಕೈ ಇಂದಿಗೂ ಪೂರ್ತಿ ಚಾಚುವುದಿಲ್ಲ. ಕೂಸಿಗೆ ಮಾತ್ರ ಏನೂ ಆಗಲಿಲ್ಲ, ನಿದ್ದೆಯಿಂದ ಎಚ್ಚರವೂ ಆಗಲಿಲ್ಲ. ನಿದ್ದೆಯಲ್ಲಿದ್ದ ಆ ಮುಖ ಈಗಲೂ ನನ್ನ ಕಣ್ಣ ಮುಂದೆ ಬರುತ್ತದೆ.

ಅದಕ್ಕೇ ಮತ್ತೆ ಹೇಳುತ್ತೇನೆ, ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ. ಎಷ್ಟು ಸಣ್ಣ ಇಳಿಜಾರಾದರೂ ಬೇಡ.

ಆಮೇಲೆ ಮನೆಯಲ್ಲಿ ಆದದ್ದೇನು? "ಅಣ್ಣನಿಗೆ ಬೆಟ್ಟದ ರಸ್ತೆ ಓಡಿಸಲು ಬರುವುದಿಲ್ಲ, ಗಾಬರಿಯಾದ" ಎಂಬ ಮಾತು ಹಬ್ಬಿತು. ನ್ಯೂಟ್ರಲ್‌ಗೆ ಹಾಕು ಎಂದವನು ಯಾರು ಎಂದು ಒಬ್ಬರೂ ಕೇಳಲಿಲ್ಲ. ನಿನ್ನ ಅಪ್ಪ ಹಿಂದೆ ಕುಳಿತು ಆ ಮಾತನ್ನು ಕಿವಿಯಾರೆ ಕೇಳಿದ್ದ, ಆದರೂ ಬಾಯಿ ಬಿಡಲಿಲ್ಲ. ಹಾಕಿದ ಕೈ ನನ್ನದು, ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಅಲ್ಲಿಂದ ಮುಂದೆ ಎಷ್ಟು ಪ್ರಯಾಣ ಹೋದೆವು, ಒಂದು ಸಲವಾದರೂ ಸ್ಟೀರಿಂಗ್ ನನ್ನ ಕೈಗೆ ಕೊಟ್ಟರೇ? ನನ್ನ ಪರವಾಗಿ ಎರಡು ಮಾತು ಆಡಬೇಕಾದ ದಿನ ಎಲ್ಲರೂ ತಟಸ್ಥರಾಗಿದ್ದರು. ಚಿಕ್ಕಪ್ಪನೂ ಈ ಗುಂಪಿನಲ್ಲೇ ಇದ್ದಾನೆ, ಕೇಳಲಿ. ನನಗೆ ಕೋಪವಿಲ್ಲ, ನೋವಿದೆ.

ನೀನು ಕೇಳಿದ್ದು ಪೆಟ್ರೋಲ್ ವಿಷಯ, ಅದು ಮರೆತೇ ಹೋಗುತ್ತಿತ್ತು. ಅವನ ಲೆಕ್ಕವೂ ತಪ್ಪು. ಈಗಿನ, ಎಂಜಿನ್‌ಗೆ ಇಂಧನವನ್ನು ಅಳೆದು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಕಾರುಗಳನ್ನು ಗೇರಿನಲ್ಲಿಟ್ಟು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಸಿದರೆ ಎಂಜಿನ್‌ಗೆ ಇಂಧನ ಹೋಗುವುದೇ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ ಅನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಇಂಧನ ಸುಡುತ್ತಲೇ ಇರಬೇಕು. ಇಳಿಯುವಾಗ ಕೀಲಿ ತಿರುಗಿಸಿ ಎಂಜಿನ್ ಆರಿಸುವುದಂತೂ ಇನ್ನೂ ಕೆಟ್ಟದ್ದು. ನಾಲ್ಕು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ.

ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ಅವನಿಗೆ ಹೇಳು. ಇಳಿಜಾರು ಶುರುವಾಗುವ ಮೊದಲೇ ಎರಡಕ್ಕೋ ಮೂರಕ್ಕೋ ಇಳಿಸಲಿ, ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಬ್ರೇಕ್ ಮೇಲೆ ಕಾಲು ಊರಿಕೊಂಡೇ ಇರಬಾರದು, ಒತ್ತಿ ಬಿಡಬೇಕು. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಆರಲು ಬಿಡಲಿ. ಸಿಗ್ನಲ್‌ನಲ್ಲಿ ನಿಂತಾಗ ನ್ಯೂಟ್ರಲ್ ಇರಲಿ, ಆದರೆ ಬ್ರೇಕ್ ಹಿಡಿದಿರಲಿ, ಏಕೆಂದರೆ ನ್ಯೂಟ್ರಲ್‌ನಲ್ಲಿರುವ ಗಾಡಿ ನಿಂತ ಗಾಡಿಯಲ್ಲ. ಆಕ್ಸಿಲರೇಟರ್ ಸಿಕ್ಕಿಕೊಂಡು ಗಾಡಿ ತಾನಾಗಿ ನುಗ್ಗಿದರೆ ಮಾತ್ರ ತಡಮಾಡದೆ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತಲಿ.

ಸಂಜೆ ಅವನು ಗಾಡಿ ತೆಗೆಯುವ ಮೊದಲು ನನಗೆ ಒಂದು ಕರೆ ಮಾಡಿಸು.