ಮೇಕೆಯ ಮೃದ್ವಸ್ಥಿ ಕೋಶಗಳ ಯಂಗ್ ಗುಣಾಂಕ ಏಳೆಂಟು ಪಟ್ಟು ಹೆಚ್ಚು ಬರುತ್ತಿದೆ: ತಪ್ಪು ಎಲ್ಲಿರಬಹುದು?

ಭೀಮಾತೀರ (ಪುಣೆ):

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಕಡೆಯವಳು, ಪುಣೆಯಲ್ಲಿ ಪಿಎಚ್‌ಡಿಯ ಎರಡನೆಯ ವರ್ಷದಲ್ಲಿದ್ದೇನೆ. ಕೋಂಡ್ವಾದ ಮಟನ್ ಅಂಗಡಿಯಿಂದ ಬೆಳಗ್ಗೆಯೇ ತಂದ ಮೇಕೆಯ ಮೊಣಕಾಲಿನ ಕೀಲಿನಿಂದ ಮೃದ್ವಸ್ಥಿಯನ್ನು (ಕಾರ್ಟಿಲೇಜ್) ಹೆರೆದು, ಕೊಲಾಜನೇಸ್ ಕಿಣ್ವದಿಂದ ಕೋಶಗಳನ್ನು ಬಿಡಿಸಿ, ಗಾಜಿನ ತಳದ ಡಿಶ್‌ನಲ್ಲಿ ಐದು ದಿನ ಬೆಳೆಸಿದ ಮೇಲೆ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನಿಂದ ಒತ್ತಿ ಅವುಗಳ ಯಂಗ್ ಗುಣಾಂಕವನ್ನು, ಅಂದರೆ ಗಡಸುತನವನ್ನು, ಅಳೆಯುತ್ತಿದ್ದೇನೆ. ಅದರ ಕ್ಯಾಂಟಿಲಿವರ್‌ನ (ಒತ್ತಿದಾಗ ಬಾಗುವ ಸಣ್ಣ ಪಟ್ಟಿ) ತುದಿಯಲ್ಲಿ 5 ಮೈಕ್ರಾನ್ ವ್ಯಾಸದ ಗಾಜಿನ ಗೋಲಿ ಇದೆ. ಪಟ್ಟಿಯ ಬಿಗಿತವನ್ನು ಹೇಳುವ ಸ್ಪ್ರಿಂಗ್ ಸ್ಥಿರಾಂಕವನ್ನು ಪೆಟ್ಟಿಗೆಯ ಮೇಲೆ ಬರೆದಿರುವಂತೆ ಮೀಟರಿಗೆ 0.06 ನ್ಯೂಟನ್ ಎಂದು ಹಿಡಿದಿದ್ದೇನೆ. 1.6 ಮೈಕ್ರಾನ್ ಆಳದವರೆಗೆ ಒತ್ತಿ, ಪಾಯ್ಸನ್ ಅನುಪಾತ (ಒತ್ತಿದಾಗ ವಸ್ತು ಪಕ್ಕಕ್ಕೆ ಹಿಗ್ಗುವ ಪ್ರಮಾಣ) 0.5 ಇಟ್ಟು, ಬಲ ಮತ್ತು ಆಳದಿಂದ ಗುಣಾಂಕ ಕೊಡುವ ಹರ್ಟ್ಸ್ ಸೂತ್ರ ಹಾಕಿದರೆ ಮಧ್ಯಮ ಬೆಲೆ 7 ಕಿಲೋಪಾಸ್ಕಲ್ ಬರುತ್ತದೆ. ಬಿಡಿ ಕೋಶಕ್ಕೆ ಪ್ರಕಟಿತ ಬೆಲೆಗಳು ಸುಮಾರು 1 ಕಿಲೋಪಾಸ್ಕಲ್‌ನ ಆಸುಪಾಸಿನಲ್ಲಿವೆ. ಹೆಚ್ಚು ಆಳ ಒತ್ತಿದಷ್ಟೂ ಬೆಲೆ ಏರುತ್ತಲೇ ಹೋಗುತ್ತದೆ. ತ್ರಿಜ್ಯದ ಜಾಗದಲ್ಲಿ ವ್ಯಾಸವನ್ನು ಹಾಕಿರಬಹುದೇ ಎಂದು ನನಗೇ ಅನುಮಾನ ಬಂದಿದೆ.

ಮುಳಾಮುಠಾ (ಪುಣೆ):

ಭೀಮಾತೀರ ಅವರೇ, ವ್ಯಾಸದ ಅನುಮಾನವನ್ನು ಮೊದಲು ಬಿಟ್ಟುಬಿಡಿ. ಗುಣಾಂಕವು ತ್ರಿಜ್ಯದ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ, ಆ ತಪ್ಪು ಆಗಿದ್ದರೆ ನಿಮ್ಮ ಬೆಲೆ ಕಡಿಮೆಯೇ ಬರಬೇಕಿತ್ತು. ಪಾಯ್ಸನ್ ಅನುಪಾತವೂ ಕಾರಣವಲ್ಲ, 0.5ರ ಬದಲು 0.38 ಹಾಕಿದರೆ ಬೆಲೆ ಶೇಕಡಾ 14ರಷ್ಟು ಇನ್ನೂ ಏರುತ್ತದೆ.

ನಿಜವಾದ ಸುಳಿವು ನಿಮ್ಮ ಮಾತಿನಲ್ಲೇ ಇದೆ: ಆಳದೊಂದಿಗೆ ಬೆಲೆ ಏರುತ್ತಿದೆ. ಹರ್ಟ್ಸ್ 19ನೆಯ ಶತಮಾನದಲ್ಲಿ ಈ ಸೂತ್ರವನ್ನು ಕಟ್ಟಿದ್ದು, ಮುಟ್ಟಿದ ಜಾಗಕ್ಕೆ ಹೋಲಿಸಿದರೆ ವಸ್ತುವಿನ ದಪ್ಪಕ್ಕೆ ಕೊನೆಯೇ ಇಲ್ಲ ಎಂಬ ಗ್ರಹಿಕೆಯ ಮೇಲೆ. ಐದು ದಿನ ಗಾಜಿನ ಮೇಲೆ ಹರಡಿಕೊಂಡ ಕೋಶ ಸುಮಾರು 3 ಮೈಕ್ರಾನ್ ಎತ್ತರವಷ್ಟೇ ಇದ್ದರೆ, ನೀವು ಒತ್ತುತ್ತಿರುವುದು ಅದರ ಅರ್ಧಕ್ಕಿಂತ ಹೆಚ್ಚು, ಹಾಗಾಗಿ ಗೋಲಿಗೆ ಕೋಶದ ಜೊತೆಗೆ ಕೆಳಗಿನ ಗಾಜಿನ ಗಡಸುತನವೂ ತಟ್ಟುತ್ತದೆ. ಇದಕ್ಕೆ ಡಿಮಿಟ್ರಿಯಾಡಿಸ್ ಮತ್ತು ಸಂಗಡಿಗರು 2002ರಲ್ಲಿ ಕೊಟ್ಟ ತಿದ್ದುಪಡಿ ಇದೆ. ತ್ರಿಜ್ಯ ಮತ್ತು ಆಳಗಳ ಗುಣಲಬ್ಧದ ವರ್ಗಮೂಲವನ್ನು ಕೋಶದ ಎತ್ತರದಿಂದ ಭಾಗಿಸಿ; ನಿಮ್ಮ ಅಂಕಿಗಳಿಗೆ ಅದು 0.67. ತಳಕ್ಕೆ ಅಂಟಿಕೊಂಡ ಕೋಶಕ್ಕೆ ಆಗ ತಿದ್ದುಪಡಿಯ ಅಂಶ ಸುಮಾರು 2.6 ಆಗುತ್ತದೆ, ಅಂದರೆ ನಿಮ್ಮ ಬೆಲೆಯನ್ನು ಅದರಿಂದ ಭಾಗಿಸಬೇಕು. ಅದೇ ಗೋಲಿಯಿಂದ 10 ಮೈಕ್ರಾನ್ ಎತ್ತರದ ದುಂಡು ಕೋಶವನ್ನು 0.4 ಮೈಕ್ರಾನ್ ಮಾತ್ರ ಒತ್ತಿದರೆ ಅದು 1.13ಕ್ಕೆ ಇಳಿಯುತ್ತದೆ. ದಯವಿಟ್ಟು ಕೋಶದ ಎತ್ತರವನ್ನು ಊಹಿಸದೆ, ಪಕ್ಕದ ಗಾಜನ್ನೂ ಕೋಶದ ನೆತ್ತಿಯನ್ನೂ ಮುಟ್ಟಿ ಅಳೆದುಕೊಳ್ಳಿ.

ಪೆಟ್ಟಿಗೆಯ ಮೇಲಿನ ಸ್ಪ್ರಿಂಗ್ ಸ್ಥಿರಾಂಕವನ್ನು ನಾನು ಎಂದಿಗೂ ನಂಬುವುದಿಲ್ಲ. ಪ್ರತಿ ಕ್ಯಾಂಟಿಲಿವರ್‌ಗೂ ಉಷ್ಣ ಕಂಪನದ ವಿಧಾನದಿಂದ, ಅಂದರೆ ಶಾಖದಿಂದ ಅದು ತಾನಾಗಿ ನಡುಗುವುದನ್ನು ಅಳೆದು, ಅದನ್ನು ಕಂಡುಕೊಳ್ಳಬೇಕು. ಬಾಗುವಿಕೆಯ ಸಂವೇದನೆಯನ್ನು (ಪಟ್ಟಿ ಇಷ್ಟು ಬಾಗಿದರೆ ಯಂತ್ರದ ಸಂಕೇತ ಎಷ್ಟು ಬದಲಾಗುತ್ತದೆ ಎಂಬುದನ್ನು) ಗಾಳಿಯಲ್ಲಿ ಅಳೆಯದೆ, ಪ್ರಯೋಗ ನಡೆಯುವ ಅದೇ ದ್ರವದಲ್ಲಿ, ಬರಿಯ ಗಾಜಿನ ಮೇಲೆ ಒತ್ತಿ ಅಳೆಯಬೇಕು.

ಮಾಟುಂಗಾ ಕನ್ನಡತಿ (ಮುಂಬಯಿ):

ಮುಳಾಮುಠಾ ಸರ್ ಹೇಳಿದ್ದು ಸರಿ; ಕೋಶದ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ಮೃದ್ವಸ್ಥಿ ಕೋಶ ತನ್ನ ಮನೆಯಲ್ಲಿ ದುಂಡಗಿರುತ್ತದೆ. ಗಾಜಿನ ಮೇಲೆ ದಿನಗಟ್ಟಲೆ ಬಿಟ್ಟರೆ ಹರಡಿ, ಒಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಬಿಗಿದುಕೊಂಡು, ಕ್ರಮೇಣ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಅದಕ್ಕೇ ಆಲ್ಜಿನೇಟ್ ಅಥವಾ ಅಗರೋಸ್ ಜೆಲ್‌ನೊಳಗೆ ಬೆಳೆಸುವ ರೂಢಿ ಬಂತು. ನಿಮಗೆ ಬೇಕಿರುವುದು ಕೋಶದ ಮೂಲ ಗುಣವಾದರೆ, ಬಿಡಿಸಿದ ದಿನವೇ, ತಳಕ್ಕೆ ಅಂಟಿದ ಕೂಡಲೇ ಅಳೆಯಿರಿ.

ದ್ರವದ ಆಸ್ಮೋಲಾರಿಟಿಯನ್ನೂ (ಅದರಲ್ಲಿ ಕರಗಿರುವ ಕಣಗಳ ಸಾಂದ್ರತೆ) ನೋಡಿ. ಕೋಶಗಳ ಸುತ್ತಲಿನ ಪ್ರೋಟಿಯೋಗ್ಲೈಕಾನ್ ಎಂಬ ದೊಡ್ಡ ಅಣುಗಳ ಋಣ ವಿದ್ಯುದಂಶ ಧನ ಅಯಾನುಗಳನ್ನು ಹಿಡಿದಿಡುವುದರಿಂದ ಮೃದ್ವಸ್ಥಿಯೊಳಗಿನ ಬೆಲೆ ಲೀಟರಿಗೆ ಸುಮಾರು 350ರಿಂದ 450 ಮಿಲಿಆಸ್ಮೋಲ್ ಇರುತ್ತದೆ. ಕೋಶ ಬೆಳೆಸುವ ಸಾಮಾನ್ಯ ಮೀಡಿಯಂನಲ್ಲಿ ಅದು 300ರ ಸುತ್ತ. ಅದರಲ್ಲಿ ಕೋಶ ಉಬ್ಬಿ ಮೆದುವಾಗುತ್ತದೆ. ಇದು ನಿಮ್ಮ ಏರಿಕೆಯನ್ನು ವಿವರಿಸುವುದಿಲ್ಲ, ಆದರೆ ಬೇರೆಯವರ ಬೆಲೆಗೆ ಹೋಲಿಸುವಾಗ ಕಾಡುತ್ತದೆ.

ಭೀಮಾತೀರ (ಪುಣೆ):

ಸರ್, ಮೇಡಂ, ಎರಡು ವಾರ ಅಳೆದು ಬರೆಯುತ್ತಿದ್ದೇನೆ. ಉಷ್ಣ ಕಂಪನದಿಂದ ಸಿಕ್ಕ ಸ್ಥಿರಾಂಕ 0.045, ಅಂದರೆ ಮೊದಲೇ ಮೂರನೆಯ ಒಂದು ಭಾಗದಷ್ಟು ಹೆಚ್ಚು ಎಣಿಸಿದ್ದೆ. ಹರಡಿದ ಕೋಶಗಳ ಎತ್ತರ ನಿಜಕ್ಕೂ 3 ಮೈಕ್ರಾನ್ ಇತ್ತು. ಎರಡೂ ತಿದ್ದುಪಡಿ ಸೇರಿಸಿದ ಮೇಲೆ ಹಳೆಯ ದತ್ತಾಂಶವೇ 2 ಕಿಲೋಪಾಸ್ಕಲ್‌ಗೆ ಇಳಿಯಿತು. ಬಿಡಿಸಿದ ಎರಡು ಗಂಟೆಯ ನಂತರ, ದುಂಡಾಗಿರುವ 30 ಕೋಶಗಳನ್ನು 0.4 ಮೈಕ್ರಾನ್ ಒತ್ತಿದಾಗ ಮಧ್ಯಮ ಬೆಲೆ 0.8 ಬಂದಿದೆ, ಆಳದೊಂದಿಗೆ ಏರುವುದೂ ನಿಂತಿದೆ. ಒಂದು ಸಂಗತಿ ಉಳಿದಿದೆ: ಒತ್ತುವ ವೇಗವನ್ನು ಸೆಕೆಂಡಿಗೆ 1 ಮೈಕ್ರಾನ್‌ನಿಂದ 10ಕ್ಕೆ ಏರಿಸಿದರೆ ಬೆಲೆ ಮತ್ತೆ ಹೆಚ್ಚುತ್ತದೆ.

ಮುಳಾಮುಠಾ (ಪುಣೆ):

ಇದು ತಪ್ಪಲ್ಲ, ಕೋಶದ ಸ್ವಭಾವ. ಅದು ಸ್ಪ್ರಿಂಗಿನಂತೆಯೂ ಜೇನಿನಂತೆಯೂ ಏಕಕಾಲಕ್ಕೆ ವರ್ತಿಸುತ್ತದೆ. ವೇಗವಾಗಿ ಒತ್ತಿದರೆ ಒಳಗಿನ ದ್ರವಕ್ಕೆ ಸರಿಯಲು ಸಮಯ ಸಿಗುವುದಿಲ್ಲ. ಹರ್ಟ್ಸ್ ಸೂತ್ರದಲ್ಲಿ ಕಾಲವೇ ಇಲ್ಲ. ಒಮ್ಮೆ ಬೇಗ ಒತ್ತಿ, ಅದೇ ಆಳದಲ್ಲಿ ಒಂದು ನಿಮಿಷ ಹಿಡಿದು, ಬಲ ಇಳಿಯುವ ರೇಖೆಯನ್ನು ದಾಖಲಿಸಿ. ಎರಡು ಸ್ಪ್ರಿಂಗ್, ಒಂದು ಡ್ಯಾಶ್‌ಪಾಟ್ (ಜೇನಿನಂತೆ ನಿಧಾನ ಸರಿಯುವ ಭಾಗ) ಇರುವ ಮಾದರಿಯನ್ನು ಆ ರೇಖೆಗೆ ಹೊಂದಿಸಿದರೆ, ತಕ್ಷಣದ ಗುಣಾಂಕ, ಕೊನೆಗೆ ನೆಲೆಗೊಳ್ಳುವ ಗುಣಾಂಕ ಮತ್ತು ಇಳಿಕೆಯ ಕಾಲ ಮೂರೂ ಸಿಗುತ್ತವೆ. ಆ ಒಂದು ನಿಮಿಷದಲ್ಲಿ ಉಷ್ಣತೆ ಬದಲಾದರೆ ಚಿನ್ನ ಲೇಪಿಸಿದ ಕ್ಯಾಂಟಿಲಿವರ್ ತಾನಾಗಿ ಬಾಗುತ್ತದೆ, ಆದ್ದರಿಂದ ಡಿಶ್ ಇಟ್ಟ ಮೇಲೆ ಅರ್ಧ ಗಂಟೆಯಾದರೂ ಕಾದು, ಮೊದಲು ಗಾಜಿನ ಮೇಲೆಯೇ ಹಿಡಿದು ರೇಖೆ ಸಮತಟ್ಟಾಗಿದೆಯೇ ಎಂದು ನೋಡಿಕೊಳ್ಳಿ.