‘ಕ್ಯಾನ್’ ಮತ್ತು ‘ಬಲ್ಲ’: ಅರಿವಿನಿಂದ ಸಾಮರ್ಥ್ಯಕ್ಕೆ?

ಮಾನ್ಯರೇ,

‘ಹಿ ಸಿಂಗ್ಸ್’ ಎನ್ನುವವರು ‘ಹಿ ಕ್ಯಾನ್ಸ್’ ಎಂದು ಏಕೆ ಅನ್ನುವುದಿಲ್ಲ ಎಂದು ತಂಗಿಯ ಮಗಳು ಕೇಳಿದಾಗ, ಅದು ಸಹಾಯಕ ಕ್ರಿಯಾಪದ ಎಂದಷ್ಟೇ ಹೇಳಿ ಜಾರಿಕೊಂಡೆ. ಅದು ಉತ್ತರವಲ್ಲ. ‘ಹ್ಯಾವ್’ ಕೂಡ ಸಹಾಯಕವೇ, ಆದರೂ ‘ಹ್ಯಾಸ್’ ಆಗುತ್ತದೆ.

ಕಾರಣ ಹಳೆಯ ಇಂಗ್ಲಿಷಿಗಿಂತಲೂ ಹಿಂದಿನದು. ‘ತಿಳಿಯಿತೇ?’ ಎಂದು ಕೇಳಿದರೆ ನಾವು ‘ತಿಳಿಯಿತು’ ಎನ್ನುತ್ತೇವೆ; ರೂಪ ಭೂತಕಾಲದ್ದು, ಅರಿವು ಮಾತ್ರ ಈಗಿನದು. ‘ಕ್ಯಾನ್’ ಹುಟ್ಟಿದ್ದೂ ಹೀಗೆಯೇ. ‘ಅರಿ’ ಎಂಬರ್ಥದ ಹಳೆಯ ಇಂಗ್ಲಿಷಿನ ‘ಕುನ್ನನ್’ ಧಾತುವಿನ ವರ್ತಮಾನ ರೂಪವು ಮೂಲದಲ್ಲಿ ಭೂತರೂಪವಾಗಿದ್ದುದರಿಂದ, ‘ಅವನು’ ಎಂಬ ಕರ್ತೃವಿಗೆ ಹತ್ತಬೇಕಾದ ವರ್ತಮಾನದ ಪ್ರತ್ಯಯ ಅದಕ್ಕೆ ಹತ್ತಲೇ ಇಲ್ಲ. ಸಂಸ್ಕೃತದಲ್ಲಿ ‘ಬಲ್ಲನು’ ಎಂಬರ್ಥದ ‘ವೇದ’ ಎಂಬ ಕ್ರಿಯಾರೂಪವೂ ಇದೇ ಬಗೆಯದು, ರೂಪದಲ್ಲಿ ಲಿಟ್ (ಒಂದು ಬಗೆಯ ಭೂತಕಾಲ), ಅರ್ಥದಲ್ಲಿ ವರ್ತಮಾನ. ಇಂಗ್ಲಿಷಿನ ‘ವಿಟ್’ ಅದರ ದೂರದ ನಂಟ. ‘ಮಸ್ಟ್’ ಅಂತೂ ಈ ದಾರಿಯನ್ನು ಎರಡು ಸಲ ತುಳಿದಿದೆ: ಭೂತದಿಂದ ವರ್ತಮಾನವಾದ ‘ಮೋಟ್’ಗೆ ‘ಮೋಸ್ಟೆ’ ಎಂಬ ಹೊಸ ಭೂತರೂಪ ಹುಟ್ಟಿ, ಅದೂ ಮತ್ತೆ ವರ್ತಮಾನವಾಯಿತು.

ಇವೆಲ್ಲ ಒಂದು ಕಾಲಕ್ಕೆ ಸ್ವತಂತ್ರ ಕ್ರಿಯಾಪದಗಳು. ಹತ್ತನೆಯ ಶತಮಾನದ ಕೊನೆಯ ಹೊತ್ತಿನ ಬೈಬಲಿನ ಸುವಾರ್ತೆಗಳ ಹಳೆಯ ಇಂಗ್ಲಿಷ್ ಅನುವಾದದಲ್ಲಿ, ಲೂಕನ ಭಾಗದ ‘ನನ್ನ ಒಡೆಯನಿಗೆ ನೀನು ಎಷ್ಟು ಸಾಲ ಕೊಡಬೇಕು’ ಎಂಬ ಪ್ರಶ್ನೆಯಲ್ಲಿ, ಇಂದಿನ ‘ಶಲ್’ನ ಪೂರ್ವರೂಪವೇ ಮುಖ್ಯ ಕ್ರಿಯಾಪದವಾಗಿ ನಿಂತಿದೆ. ಅದರ ಅರ್ಥದಲ್ಲಿ ಸಾಲ ಕರ್ತವ್ಯವಾಗಿ, ಕರ್ತವ್ಯ ಭವಿಷ್ಯವಾಯಿತು. (‘ಕುಡ್’ ಪದದ ಕಾಗುಣಿತದಲ್ಲಿ ಸುಮ್ಮನೆ ಕುಳಿತಿರುವ ‘ಎಲ್’ ಅಕ್ಷರ ಮೂಲದಲ್ಲಿರಲಿಲ್ಲ; ‘ಶುಡ್’, ‘ವುಡ್’ಗಳನ್ನು ನೋಡಿ 15–16ನೇ ಶತಮಾನಗಳಲ್ಲಿ ಸೇರಿಸಿಕೊಂಡದ್ದು.)

ಈಗ ನನ್ನ ಪ್ರಶ್ನೆ. ‘ಬಲ್ಲವನೇ ಬಲ್ಲ ಬೆಲ್ಲದ ಸವಿಯ’ ಎಂಬಲ್ಲಿ ‘ಬಲ್ಲ’ ಎಂದರೆ ಅರಿತವನು, ಅರಿಯುತ್ತಾನೆ. ‘ಈಜಬಲ್ಲ’ ಎಂಬಲ್ಲಿ ಸಾಮರ್ಥ್ಯ. ಮೇಲ್ನೋಟಕ್ಕೆ ‘ಕ್ಯಾನ್’ ನಡೆದ ದಾರಿಯೇ ಕಾಣುತ್ತದೆ, ಆದರೆ ವ್ಯತ್ಯಾಸಗಳಿವೆ. ‘ಬೇಕು’ವಿನಂತಲ್ಲದೆ ಇದು ಬಲ್ಲೆ, ಬಲ್ಲರು ಎಂದು ಪುರುಷಪ್ರತ್ಯಯಗಳನ್ನು ಇಂದಿಗೂ ಉಳಿಸಿಕೊಂಡಿದೆ. ನಿಷೇಧದಲ್ಲಿಯಂತೂ ಎರಡು ಅರ್ಥಗಳೂ ಬೇರೆ ಬೇರೆ ಧಾತುಗಳನ್ನು ಹಿಡಿಯುತ್ತವೆ: ‘ಬಲ್ಲೆ’ಗೆ ಎದುರು ‘ಅರಿಯೆ’, ‘ಈಜಬಲ್ಲೆ’ಗೆ ಎದುರು ‘ಈಜಲಾರೆ’. ಹಾಗಾದರೆ ಸಾಮರ್ಥ್ಯದ ಅರ್ಥ ಅರಿವಿನಿಂದಲೇ ಬೆಳೆದದ್ದೇ, ಅಥವಾ ಎರಡೂ ಮೊದಲಿನಿಂದ ಜೊತೆಗಿದ್ದವೇ? ‘ಬಲ್ಲ’ವು ಇನ್ನೊಂದು ಕ್ರಿಯಾಪದಕ್ಕೆ ಸಹಾಯಕವಾಗಿ ಬಂದಿರುವ ಹಳಗನ್ನಡದ ಪ್ರಯೋಗಗಳು ಯಾರ ಗಮನಕ್ಕಾದರೂ ಬಂದಿದ್ದರೆ, ಪೂರ್ಣ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.